ಎಡಗಾಲಕ್ಕನ ದೋಣಿ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮಾತುಗಳೂ ಅಷ್ಟು ಚೆನ್ನಾಗಿ ಒದಗುವುದಿಲ್ಲ. ಓದುವವರು ಕ್ಷಮಿಸಬೇಕು. ಒಂಬತ್ತನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು ನಾನು. ಕೆಲವು ಸಾಲುಗಳನ್ನು ಮೂರು ಸಲ ಹೊಡೆದುಹಾಕಿ ನಾಲ್ಕನೆಯ ಸಲ ಉಳಿಸಿಕೊಂಡಿದ್ದೇನೆ. ಬಟ್ಟೆಯಾದರೆ ಬಿಚ್ಚಿ ಹೊಲಿದ ಗುರುತು ಒಳಮಗ್ಗುಲಲ್ಲಿ ಅಡಗಿಹೋಗುತ್ತದೆ. ಕಾಗದಕ್ಕೆ ಒಳಮಗ್ಗುಲಿಲ್ಲ.

ಎಡಗಾಲಕ್ಕ ತಮ್ಮ ದೋಣಿ ಹತ್ತಿದವರ ತಲೆ ಎಣಿಸುವುದಿಲ್ಲ, ಎಡಗಾಲಿನ ಚಪ್ಪಲಿ ನೋಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಜೆಟ್ಟಿಯಿಂದ ಜನರನ್ನು ಹತ್ತಿಸಿಕೊಂಡು ನಾಲ್ಕು ದ್ವೀಪ ತೋರಿಸಿ ಸಂಜೆ ಐದರೊಳಗೆ ವಾಪಸು ತರುವುದು ಅವರ ಕೆಲಸ. ಯಾವ ದ್ವೀಪದಲ್ಲೂ ಇಳಿಯಲು ಕಟ್ಟೆಯಿಲ್ಲ. ಮೊಣಕಾಲುದ್ದ ನೀರಿಗೆ ಇಳಿದೇ ದಡ ಸೇರಬೇಕು, ಹಾಗಾಗಿ ಎಲ್ಲರೂ ಬರಿಗಾಲಲ್ಲೇ ಹೋಗುತ್ತಾರೆ. ಬಲಗಾಲಿನ ಚಪ್ಪಲಿ ಸೀಟಿನ ಕೆಳಗೆ, ಎಡಗಾಲಿನದು ಅಕ್ಕನ ಮುಂದಿನ ಮರದ ಪೆಟ್ಟಿಗೆಯೊಳಗೆ. ಮರಳಿ ಹತ್ತುವಾಗ ಒಬ್ಬೊಬ್ಬರ ಕೈಗೂ ಅವರವರ ಚಪ್ಪಲಿ ಕೊಡುತ್ತಾರೆ. ಪೆಟ್ಟಿಗೆ ಬರಿದಾಗುವವರೆಗೆ ಲಂಗರು ಏಳುವುದಿಲ್ಲ. ಆ ಹೆಸರು ಬಂದದ್ದೂ ಇದರಿಂದಲೇ. ಪಕ್ಕದ ದೋಣಿಗಳವರು ದಿನಾ ರೇಗಿಸುತ್ತಾರೆ.

“ಏನಕ್ಕಾ, ಇವತ್ತು ಎಷ್ಟು ಜೋಡಿ ವ್ಯಾಪಾರ?”

“ಜೋಡಿ ಬೇಕಾದ್ರೆ ಅಂಗಡಿಗೆ ಹೋಗು. ನಂದು ಒಂಟಿ ವ್ಯಾಪಾರ.”

ಸುಡುಬಿಸಿಲಲ್ಲೂ ಅವರು ಬಿಚ್ಚದ ಒಂದು ಕೋಟಿದೆ. ಗಂಡಸರ ಕೋಟು, ತೋಳನ್ನು ಎರಡು ಮಡಿಕೆ ಮಡಿಚಿದ್ದು. ನಾನು ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿರುವವಳು, ನನ್ನ ಕಣ್ಣು ಮೊದಲು ಹೊಲಿಗೆಗೇ ಹೋಗುತ್ತದೆ: ಎಡ ಜೇಬನ್ನು ಗಾಳದ ದಾರದಲ್ಲಿ ಮೂರು ಕಡೆ ಹೊಲಿದಿದ್ದಾರೆ, ಅದು ನಾಲ್ಕನೆಯ ಕಡೆ ಹರಿದಿದೆ. ನೆಲದ ಮೇಲೆ ನಡೆಯುವಾಗ, ಇದು ಯಾವಾಗ ಓಲಾಡುತ್ತದೋ ಎಂಬ ಅನುಮಾನದಲ್ಲಿ ಕಾಲು ಅಗಲಿಸಿ ನಡೆಯುತ್ತಾರೆ. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. “ಹತ್ತಿದ್ರಾ? ಹತ್ತಿದ್ರು. ಕೂತ್ರಾ? ಕೂತ್ರು. ಹೊರಡೋಣ್ವಾ? ಹೊರಡೋಣ.” ಎದುರಿನವರು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ನನ್ನಂಥವಳಿಗೆ ಅದೊಂದು ದೊಡ್ಡ ಸಮಾಧಾನ.

ಅವರ ದೋಣಿಯ ಚಪ್ಪರಕ್ಕೆ ನೀಲಿ ಟಾರ್ಪಾಲು ಹೊಲಿದದ್ದು ನಾನು. ತೆಗೆದುಕೊಂಡು ಹೋಗಲು ಬಂದವರು ಕುಣಿಕೆಗಳನ್ನು ಒಂದೊಂದಾಗಿ ಜಗ್ಗಿ ನೋಡಿ, “ಯಾರು ಹೊಲಿದಿದ್ದು? ನೀನೇ. ದ್ವೀಪ ನೋಡಿದೀಯಾ? ನೋಡಿಲ್ಲ. ಗುರುವಾರ ಬಾ,” ಎಂದರು. ಹೀಗೆ ಆ ದಿನದ ಹದಿನಾಲ್ಕು ಜನರಲ್ಲಿ ನಾನೂ ಒಬ್ಬಳಾದೆ. ಉಳಿದ ಹದಿಮೂರು ಮಂದಿಯಲ್ಲಿ ಒಬ್ಬರ ಪರಿಚಯವೂ ನನಗಿರಲಿಲ್ಲ.

ಮೊದಲ ದ್ವೀಪದಲ್ಲಿ ತೆಂಗಿನ ಮರಗಳು, ನೆರಳು. ಎರಡನೆಯದರಲ್ಲಿ ನೀರು ಎಷ್ಟು ತಿಳಿಯೆಂದರೆ ದೋಣಿಯ ನೆರಳು ತಳದ ಹವಳದ ಮೇಲೆ ಬಿದ್ದು ಕಾಣುತ್ತಿತ್ತು. ಅಕ್ಕ ಯಾವ ದ್ವೀಪಕ್ಕೂ ಕಾಲಿಡಲಿಲ್ಲ. ಕೋಟಿನ ಅಂಚು ತೇಲುತ್ತಿದ್ದರೂ ದೋಣಿಯ ಹಿಂಬದಿಯ ಆಳದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಹಗ್ಗ ಹಿಡಿದೇ ಇದ್ದರು. ಒಬ್ಬರು ಹವಳದ ತುಂಡೊಂದನ್ನು ಟವೆಲಿನಲ್ಲಿ ಸುತ್ತಿ ತಂದರು. “ಮನೇಲಿಟ್ರೆ ಬೆಳೆಯತ್ತಾ? ಬೆಳೆಯಲ್ಲ. ಇದ್ದಲ್ಲೇ ಇಟ್ಬನ್ನಿ.” ಅವರು ಗೊಣಗಿಕೊಂಡು ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಆ ಅರ್ಧ ಗಂಟೆ ಅಕ್ಕನ ಪಾಲಿಗೆ ಸಣ್ಣದಾಗಿರಲಿಲ್ಲ. ಹಿಂದೆ ಎರಡು ಸಲ ಅವರು ಐದು ದಾಟಿಸಿ ಬಂದಿದ್ದರು. ಮೂರನೆಯ ಸಲ ತಡವಾದರೆ ಸರದಿ ಪಟ್ಟಿಯಿಂದ ದೋಣಿಯನ್ನೇ ತೆಗೆಯುತ್ತೇವೆಂದು ಬಂದರಿನ ಕಚೇರಿ ಬರೆದಿದ್ದ ಕಾಗದ ಕೋಟಿನ ಜೇಬಿನಲ್ಲೇ ಇತ್ತು. ಸರದಿಯಿಲ್ಲದ ದೋಣಿಗೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ.

ಮೂರನೆಯದು ಬರೀ ಮರಳಿನ ದ್ವೀಪ, ಒಂದು ತುದಿಗೆ ಒಂದು ಬಂಡೆ. ಉಬ್ಬರ ಬಂದರೆ ಬಂಡೆಯ ನೆತ್ತಿಯೊಂದು ಬಿಟ್ಟು ಉಳಿದದ್ದೆಲ್ಲ ನೀರು. ನಾವು ಹೋದಾಗ ಅಲ್ಲಿ ಇನ್ನೊಂದು ದೋಣಿಯೂ ನಿಂತಿತ್ತು. ಅದರ ಚಪ್ಪರವೂ ನಮ್ಮ ಅಂಗಡಿಯದೇ, ಅದೇ ನೀಲಿ. ನಾನು ಚಿಪ್ಪು ನೋಡುತ್ತ ಬಂಡೆಯ ಹಿಂದಕ್ಕೆ ಹೋದೆ. ಮುಂದೆ ದೋಣಿಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ಎಂಜಿನ್ ನೋಡಿಕೊಳ್ಳುವ ಅಕ್ಕನ ಮೈದುನ.

“ಅತ್ತಿಗೆ, ಗಾಳಿ ಎದ್ದಿದೆ. ಒಂದೊಂದೇ ಚಪ್ಪಲಿ ಹಂಚ್ತಾ ನಿಂತ್ರೆ ಐದಕ್ಕೆ ಮುಟ್ಟಲ್ಲ. ಇವತ್ತೊಂದಿನ ತಲೆ ಎಣಿಸಿಬಿಡಿ,” ಎಂದವರೂ ಅವರೇ. ಅಕ್ಕ ಜೇಬು ಮುಟ್ಟಿ ನೋಡಿಕೊಂಡರಂತೆ. ಪೆಟ್ಟಿಗೆಯನ್ನು ಹಾಗೇ ಬಿಟ್ಟು ತಲೆ ಎಣಿಸಿದರು. ಹದಿನಾಲ್ಕು. ಲಂಗರು ಎದ್ದಿತು.

ಹದಿನಾಲ್ಕನೆಯ ತಲೆ ನನ್ನದಲ್ಲ. ಪಕ್ಕದ ದೋಣಿಯ ಮುದುಕರೊಬ್ಬರು ನೀಲಿ ಚಪ್ಪರ ನೋಡಿ ನಮ್ಮದಕ್ಕೆ ಹತ್ತಿ, ಮೂಲೆಯಲ್ಲಿ ಕೊಡೆ ಅಡ್ಡ ಹಿಡಿದು ತೂಕಡಿಸುತ್ತಿದ್ದರು. ಅವರ ದೋಣಿಯವನು ಎಣಿಸುವ ಗೋಜಿಗೇ ಹೋಗದೆ ಹೊರಟಿದ್ದ.

ಬಂಡೆ ಬಳಸಿ ಬಂದಾಗ ಎರಡು ನೀಲಿ ಚಪ್ಪರಗಳೂ ದೂರ ಸರಿಯುತ್ತಿದ್ದವು. ಕೂಗಿದ್ದರೆ ಕೇಳಿಸುತ್ತಿತ್ತು. ಕೈಯನ್ನು ಭುಜದವರೆಗೆ ಎತ್ತಿ ಇಳಿಸಿದೆ. ಗಂಟಲಿನಿಂದ ದನಿ ಹೊರಡಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗಲೂ ಹೀಗೇ ಆಗುತ್ತಿತ್ತು, ಶಾಲೆ ಬಿಟ್ಟದ್ದೂ ಅದಕ್ಕೇ. ನೀರು ಪಾದಕ್ಕೆ ಬಂದಾಗ ಬಂಡೆ ಹತ್ತಿ ಕುಳಿತೆ.

ನಾಲ್ಕನೆಯ ದ್ವೀಪ ಕಣ್ಣಿಗೆ ಬೀಳುವ ಹೊತ್ತಿಗೆ ಅಕ್ಕ ಮನಸ್ಸು ತಡೆಯದೆ ಚಪ್ಪಲಿ ಹಂಚತೊಡಗಿದರಂತೆ. ಕೊಡೆಯ ಮುದುಕರಿಗೆ ಚಪ್ಪಲಿಯಿಲ್ಲ. ಪೆಟ್ಟಿಗೆಯಲ್ಲಿ ಒಂದು ಉಳಿಯಿತು: ಚಿಕ್ಕದು, ಕಿತ್ತ ಪಟ್ಟಿಗೆ ಟಾರ್ಪಾಲಿನ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದು.

“ಏನಮ್ಮಾ, ಹದಿನಾಲ್ಕು ಜನ ಬಂದ್ವಿ, ಹದಿನಾಲ್ಕು ಜನ ಇದೀವಿ,” ಎಂದರು ಹವಳ ತಂದಿದ್ದವರು. “ಒಂದು ಹರಕಲು ಚಪ್ಪಲಿಗೋಸ್ಕರ ವಾಪಸ್ ಹೋಗ್ತೀರಾ?”

“ಹೋಗ್ತೀನಾ? ಹೋಗ್ತೀನಿ.”

“ಅತ್ತಿಗೆ, ಐದು ಗಂಟೆ...” ಎಂದರು ಮೈದುನ.

“ಐದು ಗಂಟೆ ನಾಳೆನೂ ಬರತ್ತೆ. ತಿರುಗಿಸು.”

ದೋಣಿ ಬಂದಾಗ ಬಂಡೆಯ ಸುತ್ತ ಸೊಂಟದುದ್ದ ನೀರಿತ್ತು. ಅಕ್ಕ ಕೋಟು ಸಮೇತ ನೀರಿಗಿಳಿದು, ಚಪ್ಪಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಲೆಗೆ ಎದೆಗೊಟ್ಟು ನಡೆದು ಬಂದರು. “ನಿಂದಾ? ನಿಂದೇ. ಹಾಕ್ಕೋ.” ಆಮೇಲೆ ದನಿ ತಗ್ಗಿಸಿ, “ತಪ್ಪು ನಂದು. ಪೆಟ್ಟಿಗೆ ನೋಡದೆ ಹೊರಟೆ,” ಎಂದರು. ನಾನೇಕೆ ಕೂಗಲಿಲ್ಲ ಎಂದು ಕೇಳಲೇ ಇಲ್ಲ.

ಜೆಟ್ಟಿ ಮುಟ್ಟಿದಾಗ ಆರೂ ಹತ್ತು. ನಾಲ್ಕನೆಯ ದ್ವೀಪ ತಪ್ಪಿತೆಂದು ಹವಳದವರು ದೂರು ಬರೆದುಕೊಟ್ಟರು: ತಲೆ ಲೆಕ್ಕ ಸರಿಯಿದ್ದರೂ ಚಪ್ಪಲಿಯ ನೆಪ ಮಾಡಿ ದೋಣಿ ತಿರುಗಿಸಿದರು ಎಂದು. ಬಂಡೆಯ ಮೇಲೆ ನಾನಿದ್ದದ್ದನ್ನು ಅದರಲ್ಲಿ ಬರೆಯಲಿಲ್ಲ. ಈಗ ಪ್ರಯಾಣಿಕರೆಲ್ಲ ಅವರವರ ಊರು ಸೇರಿದ್ದಾರೆ. ಮೈದುನ ಮನೆಯವರೇ ಆದ್ದರಿಂದ ಅವರ ಮಾತು ನಡೆಯುವುದಿಲ್ಲ.

ನಿನ್ನೆ ಅಕ್ಕ ಅಂಗಡಿಗೆ ಬಂದರು. ಕತ್ತರಿ, ಚಾಕ್‌ಪೀಸು ಸರಿಸಿ ಮೇಜಿನ ಮೂಲೆಗೆ ಒರಗಿ ನಿಂತರು. “ಸೋಮವಾರ ಹತ್ತಕ್ಕೆ ಕಚೇರಿಗೆ ಕರೆದಿದಾರೆ. ಅಲ್ಲಿ ಉಳಿದಿದ್ದು ನೀನು. ಬಂದು ಹೇಳ್ತೀಯಾ?”

ಅಷ್ಟೇ. ಉತ್ತರವನ್ನು ಅವರು ಹೇಳಲಿಲ್ಲ. ಕಾದರು. ನಾನು ಮಿಶನ್ನಿನ ಸೂಜಿ ನೋಡುತ್ತ ಕುಳಿತೆ. ಕೊನೆಗೆ ಅವರು ಕಾಲು ಅಗಲಿಸಿ ನಡೆಯುತ್ತ ಹೊರಟುಹೋದರು.

ತಲೆ ಎಣಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಶಾಲೆಯಲ್ಲಿ ನಾನಿಲ್ಲದ ದಿನ ಹಿಂದಿನ ಬೆಂಚಿನಿಂದ ಯಾರೋ ‘ಬಂದಿದೀನಿ’ ಎಂದರೂ ಹಾಜರಿ ಸರಿಹೋಗುತ್ತಿತ್ತು. ಎಡಗಾಲಕ್ಕನಂಥವರಿಗೆ ಲೆಕ್ಕ ಸರಿಯಾದರೆ ಸಾಲದು. ಯಾರು ಬಂದಿಲ್ಲವೆಂದು ಗೊತ್ತಾಗಬೇಕು. ಗೊತ್ತಾದ ಮೇಲೆ, ತಮಗೆ ಏನೇ ಆಗಲಿ, ತಿರುಗಿ ಹೋಗಬೇಕು. ಇಂಥವರು ಹೊತ್ತಿಗೆ ಸರಿಯಾಗಿ ದಡ ಮುಟ್ಟುವುದು ಕಡಿಮೆ. ಆದರೆ ಅವರ ಪೆಟ್ಟಿಗೆ ಬರಿದಾಗಿರುತ್ತದೆ.

ಸೋಮವಾರ ಹತ್ತು ಗಂಟೆಗೆ ನಾನು ಬಂದರು ಕಚೇರಿಗೆ ಹೋಗುತ್ತೇನೆ. ಈ ಕಾಗದವನ್ನು ಮೇಜಿನ ಮೇಲಿಟ್ಟು ಬರದೆ, ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ.