ಆರು ಅಂಕಿಯ ಬಾಗಿಲು

ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನ್ನ ಮೈದುನ ಭಾನುವಾರ ಬಂದವನು ಕಾಫಿ ಕುಡಿದು ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ಪೈ ಎಂಬ ಸಂಖ್ಯೆಗೆ ಕೊನೆಯೇ ಇಲ್ಲವೆಂದೂ, ಅದರ ಮೊದಲ ಇಪ್ಪತ್ತು ಕೋಟಿ ಅಂಕಿಗಳಲ್ಲಿ ನಮಗೆ ಬೇಕಾದ ನಂಬರನ್ನು ಹುಡುಕಿಕೊಡುವ ವೆಬ್‌ಸೈಟ್ ಇದೆಯೆಂದೂ ಹೇಳಿ ಫೋನನ್ನು ಅತ್ತೆಯ ಮುಂದೆ ಹಿಡಿದ.

ಎಲ್ಲರೂ ಹುಟ್ಟಿದ ದಿನ ಹಾಕುತ್ತಾರಂತೆ. ಅತ್ತೆ ನಮ್ಮ ಮುಂಬಾಗಿಲ ನಂಬರ್ ಲಾಕಿನ ಆರು ಅಂಕಿ ಹಾಕಿದರು.

ಸಿಕ್ಕಿತು.

"ನಮ್ಮನೆ ಬಾಗಿಲ ನಂಬರು ಇಲ್ಲಿಗೆ ಹೇಗೆ ಹೋಯ್ತೋ?"

"ಹೋಗಿಲ್ಲಮ್ಮ, ಮೊದಲಿಂದ ಅಲ್ಲೇ ಇತ್ತು."

"ಮೊದಲಿಂದ? ಅಂದ್ರೆ ಇಷ್ಟು ದಿನ ಊರಿಗೆಲ್ಲ ಬಾಗಿಲು ತೆಗೆದಿಟ್ಟು ಮಲಗಿದ್ವಾ?"

ಅವನು ಸಂಭವನೀಯತೆಯ ಬಗ್ಗೆ ಏನೋ ಹೇಳತೊಡಗಿದ. ಅಷ್ಟರಲ್ಲಿ ಅತ್ತೆ ಬೀಗದ ರಿಪೇರಿಯವನಿಗೆ ಫೋನ್ ಮಾಡಿಯಾಗಿತ್ತು.

ಆ ಬೀಗ ಹಾಕಿಸಿದ್ದು ನನ್ನ ಗಂಡ. ನಂಬರನ್ನೂ ಅವರೇ ಆರಿಸಿದ್ದರು. ಅದು ಯಾರ ಹುಟ್ಟಿದ ದಿನವೂ ಅಲ್ಲ, ನಮ್ಮ ಮದುವೆಯ ದಿನವೂ ಅಲ್ಲ. ಯಾಕೆ ಅದೇ ಎಂದು ಕೇಳಬೇಕೆಂದುಕೊಂಡಿದ್ದೆ. ಅವರು ತೀರಿಹೋಗಿ ವರ್ಷವಾಯಿತು. ಮನೆಯಲ್ಲಿ ಅವರ ಮಾತು ಇನ್ನೂ ನಡೆಯುತ್ತಿದ್ದುದು ಆ ಬಾಗಿಲಿನಲ್ಲಿ ಮಾತ್ರ. ಅತ್ತೆಗೆ ಇದನ್ನು ಹೇಳಲು ಹೋದೆ. "ಆ ನಂಬರು ಚೆನ್ನಾಗೇ ಇದೆಯಲ್ಲ ಅತ್ತೆ" ಎಂದಷ್ಟೇ ಬಾಯಿಂದ ಬಂತು.

"ಚೆನ್ನಾಗಿರೋದು ಬೇರೆ, ಗುಟ್ಟಾಗಿರೋದು ಬೇರೆ ಕಣೇ."

ಬೀಗದವನು ಬಂದು ಸ್ಕ್ರೂ ಬಿಚ್ಚಿದ. "ಹೊಸದು ಹಾಕಿದ ತಕ್ಷಣ ಹಳೇದು ಅಳಿಸಿಹೋಗುತ್ತೆ. ಯಾವ ನಂಬರು ಹಾಕ್ಲಿ ಅಮ್ಮಾ?"

"ಆ ಪೈಯಲ್ಲಿ ಇಲ್ಲದ್ದು."

ಅತ್ತೆ ಕಣ್ಣು ಮುಚ್ಚಿ ಒಂದು ನಂಬರು ಯೋಚಿಸುವುದು, ಮಗನ ಕಿವಿಯಲ್ಲಿ ಹೇಳುವುದು, ಅವನು ಒತ್ತಿ "ಇದೆಯಮ್ಮ" ಅನ್ನುವುದು. ಹೀಗೇ ನಡೆಯಿತು. ಆರೂ ಸೊನ್ನೆ ಹಾಕಿಸಿದರು. ಅದೂ ಇತ್ತು.

"ಬರೀ ಸೊನ್ನೇನೂ ಬಿಟ್ಟಿಲ್ವಲ್ಲೋ ಇವರು" ಎಂದು ಹಣೆ ಚಚ್ಚಿಕೊಂಡರು. ಕೊನೆಗೆ ತಮ್ಮ ಫೋನ್ ನಂಬರು ಹಾಕಿಸಿದರು. ಹತ್ತು ಅಂಕಿ. ಸಿಗಲಿಲ್ಲ.

ಅತ್ತೆಯ ಮುಖ ಅರಳಿತು. "ನನ್ನ ಫೋನ್ ನಂಬರನ್ನೇ ಹಾಕಪ್ಪ."

"ಈ ಬೀಗಕ್ಕೆ ಆರೇ ಅಂಕಿ ಅಮ್ಮಾ. ಅದೂ ಅಲ್ದೆ ನಿಮ್ಮ ಫೋನ್ ನಂಬರು ನನ್ನ ಹತ್ರಾನೇ ಇದೆ. ಈಗ ತಾನೆ ಕರೆದ್ರಲ್ಲ."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಯಾರೂ ಸರಿದು ನಿಲ್ಲು ಅನ್ನಲಿಲ್ಲ, ನಾನೂ ಸರಿಯಲಿಲ್ಲ.

ಬೀಗದವನು ತಲೆ ಕೆರೆದುಕೊಂಡ. "ಒಂದ್ನಿಮಿಷ ಕೊಡಿ ಸಾರ್" ಎಂದು ಮೈದುನನ ಫೋನ್ ತೆಗೆದುಕೊಂಡು, ನಮಗೆ ಬೆನ್ನು ಮಾಡಿ ಏನೋ ಒತ್ತಿದ. ನೋಡಿದ. ಫೋನ್ ವಾಪಸು ಕೊಟ್ಟು, ಬಿಚ್ಚಿದ್ದ ಸ್ಕ್ರೂಗಳನ್ನೆಲ್ಲ ಮೊದಲಿನಂತೆಯೇ ಬಿಗಿದು ಚೀಲ ಹೆಗಲಿಗೇರಿಸಿದ.

"ಎಲ್ಲಿಗಪ್ಪ?"

"ಅಂಗಡಿಗೆ ಅಮ್ಮಾ. ಸ್ವಲ್ಪ ಅರ್ಜೆಂಟು."

ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದುಹೋದ.

"ಪಾಪ, ಅವನ ಅಂಗಡಿ ಬೀಗದ್ದೂ ಅಲ್ಲಿದೆ ಅಂತ ಕಾಣುತ್ತೆ" ಎಂದರು ಅತ್ತೆ. ಅವರಿಗೆ ಅರ್ಧ ಸಮಾಧಾನವಾಗಿತ್ತು. ಸ್ವಲ್ಪ ಹೊತ್ತು ಬೀಗವನ್ನೇ ನೋಡಿದರು. "ಯಾವುದು ಹಾಕಿದ್ರೂ ಅಲ್ಲಿರುತ್ತೆ ಅಂದ್ಮೇಲೆ, ನಿನ್ನ ಗಂಡ ಹಾಕಿದ್ದೇ ಇರಲಿ ಬಿಡು."

ನಾನು ಒಳಗೆ ಹೋಗಿ ಕಾಫಿ ಲೋಟ ತೊಳೆದೆ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಸಂಜೆ ತರಕಾರಿ ತಂದು ಇಬ್ಬರೂ ಬಾಗಿಲ ಮುಂದೆ ನಿಂತೆವು. ಅತ್ತೆ ಅಂಗೈಯಿಂದ ಗುಂಡಿಗಳನ್ನು ಮರೆಮಾಡಿದರು.

"ಆ ಕಡೆ ತಿರುಗೇ."

"ನಂಗೆ ಗೊತ್ತಲ್ಲ ಅತ್ತೆ."

"ಗೊತ್ತಿರೋರೆಲ್ಲ ನೋಡ್ತಾ ನಿಂತ್ರೆ ಅದು ಗುಟ್ಟು ಹೇಗಾಗುತ್ತೆ?"

ತಿರುಗಿ ನಿಂತೆ. ಆರು ಸಲ ಟಿಕ್ ಎಂದಿತು. ಬಾಗಿಲು ತೆರೆದುಕೊಂಡಿತು.