ತಣ್ಣಗಿರಬೇಕಿದ್ದ ಇಂಜಿನ್

ಅಂಗೈ ಇಟ್ಟವನು ತೆಗೆಯುತ್ತಲೇ ಇಲ್ಲ, ಪಶುವೈದ್ಯನಲ್ಲವೇ, ಹಸುವಿನ ಪಕ್ಕೆ ಮುಟ್ಟಿ ನೋಡುವ ಹಾಗೇ ನನ್ನ ಕಾರಿನ ಬಾನೆಟ್ ಮುಟ್ಟಿ ನೋಡುತ್ತಿದ್ದಾನೆ, ನೋಡಲಿ, ಕೊಳ್ಳಲು ಬಂದವನು ನೋಡದೆ ಇರುತ್ತಾನೆಯೇ, ಇಷ್ಟು ವರ್ಷದ ಬಿಸಿಲಿಗೂ ಹಳದಿ ಮಾಸಿಲ್ಲ, ಎರಡೇ ಸೀಟು, ಸ್ವಿಚ್ ಒತ್ತಿದರೆ ಎದ್ದು ಕೂರುವ ದೀಪಗಳು — ಬೆಚ್ಚಗಿದೆಯಲ್ಲ ಮೇಡಂ, ನಾನು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿದ್ರಾ ಅನ್ನುತ್ತಾನೆ, ಏನು, ಬೆಚ್ಚಗೆ? ನಾನು ಮುಟ್ಟಿಯೇ ಇಲ್ಲ. ಹಳೆಯ ಕಾರು ಮಾರುವವರಿಗೆ ಇದೊಂದು ಮರ್ಯಾದೆ, ದಿನದ ಮೊದಲ ಸ್ಟಾರ್ಟು ಕೊಳ್ಳುವವನ ಎದುರಿಗೇ ಆಗಬೇಕು, ರಾತ್ರಿಯೆಲ್ಲ ತಣ್ಣಗೆ ನಿಂತ ಇಂಜಿನ್ ಸುಳ್ಳು ಹೇಳಲಾರದು, ಕೆಮ್ಮುವುದಿದ್ದರೆ ಆಗಲೇ ಕೆಮ್ಮುತ್ತದೆ, ಬಿಸಿ ಮಾಡಿಟ್ಟರೆ ರೋಗ ಮುಚ್ಚಿಟ್ಟ ಹಾಗೆ, ನಿನ್ನೆ ಫೋನಿನಲ್ಲಿ ನಾನೇ ದೊಡ್ಡದಾಗಿ ಹೇಳಿದ್ದೆ, ನೀವು ಬರೋತನಕ ಕೀ ಕೂಡ ಮುಟ್ಟಲ್ಲ ಡಾಕ್ಟ್ರೇ, ನಿಮ್ಮ ಕಿವಿಯಲ್ಲೇ ಕೇಳಿ — ಈಗ ಮುಖ ಎಲ್ಲಿಟ್ಟುಕೊಳ್ಳಲಿ.

ಮುಚ್ಚಿಡಲು ಇದರಲ್ಲಿ ಏನಿದೆ, ಹಳೆಯ ಸ್ಪೋರ್ಟ್ಸ್ ಕಾರು ಅಂದರೆ ರಸ್ತೆಬದಿಯಲ್ಲಿ ಕಾಯುವುದೇ ಕೆಲಸ ಅಂತ ಎಲ್ಲರೂ ಹೆದರಿಸಿದ್ದರು, ತಂಗಿಯಂತೂ ಟ್ಯಾಕ್ಸಿಯವನ ನಂಬರೇ ಕೊಟ್ಟಿದ್ದಳು, ಇಟ್ಟುಕೋ ಅಕ್ಕಾ, ಬೇಕಾಗುತ್ತೆ, ಒಂದು ಸಲವೂ ಬೇಕಾಗಲಿಲ್ಲ, ಕಾಲಕಾಲಕ್ಕೆ ಆಯಿಲ್, ಬೆಲ್ಟು, ನೀರಿನ ಪೈಪು ಬದಲಾಯಿಸಿದರೆ ಮುಗಿಯಿತು, ಮಡಚಿ ತೆರೆಯುವ ಬಟ್ಟೆಯ ಟಾಪು ಸೋರುತ್ತದೆ, ಸೋರಲಿ, ಮಡಿಲಿಗೊಂದು ಟವೆಲ್, ನಮ್ಮ ಯಜಮಾನರ ಹೊಸ ಕಾರು ನಿನ್ನೆ ಚೆನ್ನಾಗಿದ್ದು ಇವತ್ತು ಕೆಂಪು ದೀಪ ಹೊತ್ತಿಸಿಕೊಂಡು ಮುನಿದು ನಿಲ್ಲುತ್ತದೆ, ಯಾಕಪ್ಪಾ ಅಂತ ಕಂಪ್ಯೂಟರ್ ತಂದು ಕೇಳಬೇಕು, ಇದು ಹಾಗಲ್ಲ, ಕೆಡುವುದಕ್ಕೆ ಎಷ್ಟೋ ವಾರ ಮುಂಚೆಯೇ ಹೇಳಿಬಿಡುತ್ತದೆ, ಒಂದು ಸಣ್ಣ ಕಿರ್ರು, ಒಂದು ಸುಟ್ಟ ವಾಸನೆ, ದಿನವಿಡೀ ಆಸ್ಪತ್ರೆಯ ಸದ್ದಿಲ್ಲದ ಕೋಣೆಯಲ್ಲಿ ಬೇರೆಯವರ ಕಿವಿ ಪರೀಕ್ಷಿಸುವ ನನಗೆ, ನನ್ನ ಕಿವಿಗೆ ಅಂತ ಸಿಗುವ ಸುಖ ಇದೊಂದೇ, ತಿರುವಿನಲ್ಲಿ ಗೇರ್ ಇಳಿಸಿದಾಗ ಅದು ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡುವುದು — ಇದನ್ನು ಕಂಡರೆ ನನಗೆ ಪ್ರೀತಿ, ಅಷ್ಟೇ, ಅದರಲ್ಲಿ ನಾಚಿಕೆ ಏನು.

ಆದರೂ ಮಾರಲೇಬೇಕು, ಅತ್ತೆ ಇನ್ನು ನಮ್ಮ ಜೊತೆಗೇ, ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಕಾರು ನಿಲ್ಲುವ ಈ ಜಾಗವೇ ಅವರ ಕೋಣೆಯಾಗಬೇಕು, ಹೊಸ ಕಾರು ಬೀದಿಯಲ್ಲಿ ನಿಂತೀತು, ಸೋರುವ ಇದು ನಿಲ್ಲಲಾರದು, ಇವರೇ ಮಾತು ತೆಗೆದರು, ಲಿಫ್ಟುಗಳ ತಪಾಸಣೆ ಮಾಡುವ ಮನುಷ್ಯ, ಹಳೆಯದು ಕಂಡರೆ ಬದಲಿಸಿ ಅಂತ ಬರೆಯುವ ಕೈ, ಆ ನಿನ್ನ ಡಬ್ಬ ಹೋದ್ರೆ ಅಮ್ಮ ಆರಾಮಾಗಿರ್ತಾಳೆ, ಅದರೊಳಗೆ ಕೂತ್ರೆ ಏಳೋಕೆ ಕ್ರೇನ್ ಬೇಕು ನಂಗೆ, ನಾನು ಹೂಂ ಅಂದೆ, ಪ್ರೀತಿ ಇರುವುದು ನನಗೊಬ್ಬಳಿಗೇ ತಾನೇ, ನಾನೊಬ್ಬಳು ನುಂಗಿಕೊಂಡರೆ ಆಯಿತು ಅಂದುಕೊಂಡೆ.

ಸರಿ ಮೇಡಂ, ಸ್ಟಾರ್ಟ್ ಆದ್ರೂ ಮಾಡಿ ತೋರಿಸಿ, ತೋರಿಸುತ್ತೇನೆ ಡಾಕ್ಟ್ರೇ, ಬಾಗಿಲು ತೆಗೆದು ಕೂರುತ್ತೇನೆ, ಕ್ಲಚ್ ಎಲ್ಲಿ — ಕಾಲು ಚಾಚಿದೆ, ಸಿಗುತ್ತಿಲ್ಲ, ಇನ್ನೂ ಚಾಚಿದೆ, ಸೀಟು ಹಿಂದಕ್ಕೆ ಸರಿದಿದೆ, ಹೋಗುವಷ್ಟೂ ಹಿಂದಕ್ಕೆ, ಈ ಮನೆಯಲ್ಲಿ ಇಷ್ಟು ಉದ್ದದ ಕಾಲು ಒಬ್ಬರದೇ, ಬೆಳಿಗ್ಗೆ ಹಾಲು ತರಲು ಹೋದವರು ಅಷ್ಟು ಹೊತ್ತು ಬರಲಿಲ್ಲ, ಬಂದಾಗ ಕೂದಲೆಲ್ಲ ಕೆದರಿ ಹಿಂದಕ್ಕೆ ನಿಂತಿತ್ತು, ಎಲ್ಲಿಗೆ ಹೋಗಿದ್ರಿ ರೀ ಅಂದರೆ ಹಾಲಿನಂಗಡೀಲಿ ರಶ್ಶು ಅಂದರು, ಈಗ ಕೊಳ್ಳುವವರು ಬಂದಿದ್ದಾರೆ ಬನ್ನಿ ಅಂದರೂ ಕೆಳಗಿಳಿಯದೆ ಮೇಲೆ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಾರೆ, ಏನಾದ್ರೂ ತೊಂದರೆನಾ ಮೇಡಂ, ಇಲ್ಲ, ತೊಂದರೆ ಏನಿಲ್ಲ, ಸೀಟು ಎಳೆದುಕೊಳ್ಳುವ ಹಿಡಿ ಕೈಯಲ್ಲೇ ಇದೆ, ಎಳೆದರೆ ಕ್ಲಚ್ ಸಿಗುತ್ತದೆ, ಸಿಕ್ಕರೆ ಕಾರು ಹೊರಡುತ್ತದೆ, ಎಳೆಯಲು ಮನಸ್ಸು ಬರುತ್ತಿಲ್ಲ, ಅವರು ಬಿಟ್ಟುಹೋದ ಜಾಗದಲ್ಲಿ ನನ್ನ ಕಾಲು, ಕ್ಲಚ್ಚಿಗೆ ಒಂದು ಗೇಣು ಈಚೆ, ಒಂದೇ ಗೇಣು