ಬರ್ಬೋರತ್ತೆಯ ಭಾನುವಾರಗಳು

ಬಾಗಿಲನ್ನು ಯಾರೂ ತಟ್ಟಲಿಲ್ಲ, ನೇರವಾಗಿ ತಳ್ಳಿಕೊಂಡೇ ಬಂದರು. ಮುಂದೆ ಶಾಲೆಯ ಮುಖ್ಯೋಪಾಧ್ಯಾಯಿನಿ ರಿಮ್ಕಿಯೆನೆ, ಹಿಂದೆ ಜಿಲ್ಲಾ ಕೇಂದ್ರದಿಂದ ಬಂದಿದ್ದ ಕಂದು ಕೋಟಿನ ಅಧಿಕಾರಿ. ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದ ಎಂಟು ಮಕ್ಕಳ ಕೈಗಳು ಒಮ್ಮೆಲೇ ಒಣಗಿದ ಬೀನ್ಸ್ ಕಾಯಿಗಳ ರಾಶಿಗೆ ಇಳಿದವು.

ಒಲೆಯ ಪಕ್ಕ ನಿಂತಿದ್ದ ಬರ್ಬೋರಾ ಕೈಲಿದ್ದ ಚಿಕ್ಕ ಪುಸ್ತಕವನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವಳು ಮಕ್ಕಳನ್ನು, ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಪ್ರಥಮ ಪರಮಪ್ರಸಾದಕ್ಕೆ ಸಿದ್ಧಗೊಳಿಸುತ್ತಿದ್ದಳು. ಸೋವಿಯತ್ ಆಳ್ವಿಕೆಯ ಲಿಥುವೇನಿಯಾದಲ್ಲಿ ಆಗ ಅದು ಅಪರಾಧ. ಹೆತ್ತವರನ್ನು ಬಿಟ್ಟು ಬೇರೆ ಯಾರೂ ಮಕ್ಕಳಿಗೆ ದೇವರ ಮಾತು ಕಲಿಸುವಂತಿರಲಿಲ್ಲ. ಹಾಗಾಗಿ ನೆಪಕ್ಕೆ ಮೇಜಿನ ಮೇಲೆ ಶರತ್ಕಾಲದಲ್ಲಿ ಬೀನ್ಸ್ ಇರುತ್ತಿತ್ತು, ಚಳಿಗಾಲದಲ್ಲಿ ದಿಂಬಿಗೆ ತುಂಬಲು ಬಿಡಿಸುವ ಬಾತುಕೋಳಿ ಗರಿ.

"ಏನ್ ನಡೀತಿದೆ ಇಲ್ಲಿ?" ಅಧಿಕಾರಿ ಕೇಳಿದ.

"ಬೀನ್ಸ್ ಸುಲೀತಿದ್ದೀವಿ," ಅಂದಳು ವೆರೂಟೆ. ಅಂಚೆಯವನ ಮಗಳು, ಮಾತಿನಲ್ಲಿ ಚುರುಕು. "ಬರ್ಬೋರತ್ತೆಗೆ ಕೈಬೆರಳು ನೋವು. ಪಾಪ, ಒಬ್ರೇ ಇರೋದು."

ಅವನು ಒಬ್ಬೊಬ್ಬರನ್ನೂ ಕೇಳುತ್ತ ಮೇಜಿನ ಸುತ್ತ ನಡೆದ. ಬೀನ್ಸು, ಬೀನ್ಸು, ಬೀನ್ಸು. ಕೊನೆಗೆ ಉಳಿದವಳು ಹಾಲು ಕರೆಯುವ ಸ್ತೆಫಾಳ ಮಗಳು, ಒಂಬತ್ತು ವರ್ಷದ ಗೆನುಟೆ. ಅವಳು ಬರ್ಬೋರಾಳ ಮುಖ ನೋಡಿದಳು.

ಸ್ವಲ್ಪ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಕಾಲು ಗಂಟೆಯ ಹಿಂದೆ ಬರ್ಬೋರಾ ಇದೇ ಮಕ್ಕಳಿಗೆ, ಹೆದರಿಕೊಂಡು ಹೇಳಿದರೂ ಸುಳ್ಳು ಸುಳ್ಳೇ ಎಂದು ಹೇಳಿದ್ದಳು. ಈಗ ಅವಳಿಗೆ ಹೂಂ ಅನ್ನಲೂ ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ನೆಲ ನೋಡಿದಳು.

"ದೇವರ ಹತ್ತು ಆಜ್ಞೆ ಕಲೀತಿದ್ವಿ," ಅಂದಳು ಗೆನುಟೆ. "ಇವತ್ತು ಎಂಟನೇದು."

"ಏನದು ಎಂಟನೇದು?"

"ಸುಳ್ಳುಸಾಕ್ಷಿ ಹೇಳಬಾರದು."

ಅಧಿಕಾರಿ ಜೋರಾಗಿ ನಕ್ಕ. ರಿಮ್ಕಿಯೆನೆ ನಗಲಿಲ್ಲ. ಮಕ್ಕಳ ಹೆಸರು ಬರೆದುಕೊಂಡಳು. ಅವರೆಲ್ಲ ಅವಳ ಶಾಲೆಯ ಮಕ್ಕಳೇ, ಯಾರನ್ನೂ ಹೆಸರು ಕೇಳಬೇಕಾಗಿರಲಿಲ್ಲ.

ಮರುದಿನವೇ ಬರ್ಬೋರಾಳನ್ನು ಹಾಲಿನ ಡೇರಿಯಿಂದ ತೆಗೆದರು. ಹತ್ತೊಂಬತ್ತು ವರ್ಷ ಅಲ್ಲಿ ಹಾಲಿನ ಕೊಬ್ಬು ಅಳೆದವಳು, ಒಂದು ದಿನವೂ ಅಳತೆ ತಪ್ಪಿದವಳಲ್ಲ. ಸಾಮೂಹಿಕ ಕೃಷಿ ಕ್ಷೇತ್ರದ ಅಧ್ಯಕ್ಷ ಅವಳನ್ನು ಊರಾಚೆಯ ಕರುಗಳ ಕೊಟ್ಟಿಗೆಗೆ ಹಾಕಿ, ಮುಂದೆ ಒಂದು ಕಾಗದ ಇಟ್ಟ. ಇನ್ನು ಮೇಲೆ ಕಲಿಸುವುದಿಲ್ಲ ಎಂದು ಬರೆದುಕೊಡಬೇಕು.

"ಆಗಲ್ಲ," ಅಂದಳು ಬರ್ಬೋರಾ.

"ಬರೀ ಕಾಗದ ಕಣಮ್ಮ ಇದು. ಸಹಿ ಹಾಕು, ಫೈಲಿಗೆ ಹೋಗುತ್ತೆ, ನಾನೂ ಬದುಕ್ತೀನಿ ನೀನೂ ಬದುಕ್ತೀಯ. ಇನ್ನೊಂದ್ಸಲ ಸಿಕ್ಕಿಬಿದ್ರೆ ಜೈಲು, ಗೊತ್ತಲ್ಲ?"

"ಬರ್ಕೊಟ್ರೆ ಅದರಂತೆ ನಡೀಬೇಕಾಗುತ್ತೆ. ಅದಕ್ಕೇ ಆಗಲ್ಲ ಅಂದೆ."

ಮುಂದಿನ ಭಾನುವಾರ ಒಂದು ಮಗುವೂ ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ತಾಯಂದಿರನ್ನು ಶಾಲೆಗೆ ಕರೆಸಿ ಹೆದರಿಸಿದ್ದರು. ಶಾಲೆಯವರ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟನ್ನು ಊರು ಗೆನುಟೆಯ ಮೇಲೆ ತೀರಿಸಿಕೊಂಡಿತು. ದಾರಿಯಲ್ಲಿ ಕಂಡರೆ ಮಕ್ಕಳು "ಪೊಲೀಸಮ್ಮ ಬಂದ್ಲು, ಬಾಯಿ ಮುಚ್ಚಿ" ಎನ್ನುತ್ತಿದ್ದರು. ಅವಳು ಹುಟ್ಟಿದಾಗ ಟೋಪಿ ಹೆಣೆದುಕೊಟ್ಟಿದ್ದ ಮುದುಕಿಯೊಬ್ಬಳು ಬಾವಿಯ ಬಳಿ ಅವಳ ಬೆನ್ನಿಗೆ ಉಗಿದಳು.

ಊರಿನ ಚರ್ಚಿನ ಪಾದ್ರಿಗಳಿಗೆ ಎಪ್ಪತ್ತು ದಾಟಿತ್ತು. ಸೈಬೀರಿಯಾದ ಸೆರೆಶಿಬಿರದಲ್ಲಿ ಎಂಟು ವರ್ಷ ಕಳೆದು ಬಂದವರು. "ಒಂದು ವರ್ಷ ಸುಮ್ನಿದ್ದುಬಿಡು, ಬರ್ಬೋರಾ," ಅಂದರು. "ಅವರು ಮರೀತಾರೆ. ನಿನ್ನನ್ನೂ ಒಳಗೆ ಹಾಕಿದ್ರೆ ಇಲ್ಲಿ ಯಾರಿದ್ದಾರೆ?"

"ಅವರು ಮರೀತಾರೆ ಗುರುಗಳೇ, ಆ ಮಗು ಮರೆಯಲ್ಲ. ತಾನು ನಿಜ ಹೇಳಿದ್ದಕ್ಕೇ ಪಾಠ ನಿಂತುಹೋಯ್ತು ಅಂತ ನಂಬ್ಕೊಂಡು ಬೆಳೆಯುತ್ತೆ."

ಪಾದ್ರಿಗಳು ಬಹಳ ಹೊತ್ತು ಕನ್ನಡಕ ಒರೆಸಿದರು. "ಹಾಗಾದ್ರೆ ಮೊದಲು ಆ ಮಗುವಿನ ಮನೆಗೆ ಹೋಗು," ಅಂದರು.

ಸ್ತೆಫಾ ಅಂಗಳದಲ್ಲಿ ಹಂದಿಗೆ ಹಾಕುವ ಆಲೂಗಡ್ಡೆ ಬೇಯಿಸುತ್ತಿದ್ದಳು. ಬರ್ಬೋರಾಳನ್ನು ಕಂಡವಳು ಸೌಟು ಕೆಳಗಿಡಲಿಲ್ಲ.

"ಬಂದ್ರಾ? ಬನ್ನಿ. ಉಪದೇಶ ಇನ್ನೂ ಬಾಕಿ ಇತ್ತೇನೋ."

"ಗೆನುಟೆ ಇದ್ದಾಳಾ?"

"ಇದ್ದಾಳೆ. ಎಲ್ಲಿಗೆ ಹೋಗ್ತಾಳೆ? ಜೊತೆಗೆ ಬರೋರು ಯಾರಿದ್ದಾರೆ? ಸ್ಕೂಲಿಗೂ ಒಬ್ಳೇ, ಚರ್ಚಿಗೂ ಒಬ್ಳೇ. ಉಳಿದ ಏಳು ಜನಕ್ಕೂ ನೀವೇ ಅಲ್ವಾ ಕಲಿಸಿದ್ದು? ಅವಕ್ಕೆ ಬದುಕೋ ಬುದ್ಧಿ ಬಂತು, ನನ್ನ ಮಗಳಿಗೆ ಮಾತ್ರ ನಿಮ್ಮ ಪಾಠ ತಲೆಗೆ ಹೋಯ್ತು!"

ಸ್ತೆಫಾ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು, ಬಾಗಿಲ ಕಡೆ ಸೌಟು ತೋರಿಸಿದಳು.

ಗೆನುಟೆ ಒಲೆಯ ಹಿಂದಿನ ಬೆಂಚಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಬರ್ಬೋರಾ ಪಕ್ಕದಲ್ಲಿ ಕೂತಳು.

"ಅತ್ತೆ, ನಾನು ತಪ್ಪು ಮಾಡಿದ್ನಾ?" ಹುಡುಗಿಯೇ ಕೇಳಿದಳು.

"ಇಲ್ಲ."

"ಮತ್ತೆ ನೀವು ಯಾಕೆ ಕೆಳಗೆ ನೋಡಿದ್ರಿ?"

ಹೊರಗೆ ಸ್ತೆಫಾಳ ಸೌಟು ಪಾತ್ರೆಗೆ ತಾಗುವ ಸದ್ದು ನಿಂತಿತ್ತು.

"ನನಗೆ ಹೆದರಿಕೆ ಆಯ್ತು ಕಣೆ," ಅಂದಳು ಬರ್ಬೋರಾ. "ನೀನೂ ಬೀನ್ಸು ಅಂದ್ಬಿಡಲಿ ದೇವರೇ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಎಂಟನೇ ಆಜ್ಞೆ ಹೇಳಿಕೊಡೋಕೆ ಮುಂಚೆ ಆ ಬೀನ್ಸು ಮೇಜಿನ ಮೇಲೆ ಸುರಿದೋಳು ನಾನು. ಮೊದಲನೇ ಸುಳ್ಳು ನಂದು. ನಿನ್ನ ಹತ್ರ ಕ್ಷಮೆ ಕೇಳೋಕೆ ಬಂದೆ."

ದೊಡ್ಡವರು ಯಾರೂ ತನ್ನ ಬಳಿ ಕ್ಷಮೆ ಕೇಳಿದ್ದು ಗೆನುಟೆಗೆ ನೆನಪಿರಲಿಲ್ಲ. "ಇನ್ನೂ ಎರಡು ಆಜ್ಞೆ ಉಳಿದಿದೆ," ಅಂದಳು.

"ಹೌದು. ಎರಡಿದೆ. ಭಾನುವಾರವೂ ನನಗೆ ಕೊಟ್ಟಿಗೆಯಲ್ಲೇ ಕೆಲಸ. ನಿಮ್ಮಮ್ಮ ಒಪ್ಪಿದ್ರೆ ಅಲ್ಲಿಗೆ ಬಾ. ಆದರೆ ಯಾರಾದ್ರೂ ಕೇಳಿದ್ರೆ ನಾನು ಮುಚ್ಚಿಡಲ್ಲ. ಅದನ್ನ ಅಮ್ಮನಿಗೂ ಹೇಳು."

"ಕೇಳಿಸ್ತು," ಅಂದಳು ಬಾಗಿಲಲ್ಲಿ ನಿಂತಿದ್ದ ಸ್ತೆಫಾ. ಹೊರಡುವಾಗ ಎರಡು ಬಿಸಿ ಆಲೂಗಡ್ಡೆಯನ್ನು ಬರ್ಬೋರಾಳ ಕೈಗವಸಿನೊಳಗೆ ತುರುಕಿದಳು.

ಆ ಭಾನುವಾರ ಗೆನುಟೆಯನ್ನು ಸ್ತೆಫಾಳೇ ಕೊಟ್ಟಿಗೆಯವರೆಗೆ ತಂದು ಬಿಟ್ಟುಹೋದಳು. ಚಳಿಗಾಲವಿಡೀ ಒಬ್ಬಳೇ ವಿದ್ಯಾರ್ಥಿನಿ. ಹತ್ತು ಆಜ್ಞೆ ಮುಗಿದು ಪಾದ್ರಿಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯ ಪಾಠ ಶುರುವಾದ ಹೊತ್ತಿಗೆ, ಫೆಬ್ರವರಿಯಲ್ಲಿ, ವೆರೂಟೆ ಬಂದು ಬಾಗಿಲ ಬಳಿ ನಿಂತಳು. ಗೆನುಟೆ ಅವಳತ್ತ ನೋಡಲಿಲ್ಲ. ಬರ್ಬೋರಾ ಏನೂ ಕೇಳದೆ ಅವಳ ಕೈಗೂ ಒಂದು ಹಾಲಿನ ಬಕೆಟ್ ಕೊಟ್ಟಳು. ಮಾರ್ಚ್ ಹೊತ್ತಿಗೆ ಇಬ್ಬರೂ ಒಟ್ಟಿಗೆ ನಡೆದು ಬರತೊಡಗಿದರು.

ಹಿಮ ಕರಗುತ್ತಿದ್ದ ಒಂದು ಮಧ್ಯಾಹ್ನ ಕೃಷಿ ಕ್ಷೇತ್ರದ ಮೇಸ್ತ್ರಿ ಯೂರ್ಗಿಸ್ ಬಂದ. ಬೂಟಿನ ಕೆಸರು ಒದರುತ್ತ ಒಳಗೆ ಇಣುಕಿ, ಮಕ್ಕಳನ್ನು ಕಂಡು ಅಲ್ಲೇ ನಿಂತ.

"ಇವರೇನ್ ಮಾಡ್ತಿದ್ದಾರೆ ಇಲ್ಲಿ? ಕರುಗಳಿಗೆ ಹಾಲು ಕುಡಿಸೋಕೆ ಬಂದಿದ್ದಾರೆ, ಅಲ್ವಾ?" ಉತ್ತರವನ್ನೂ ಅವನೇ ಒದಗಿಸಿದ್ದ.

"ಹಾಲೂ ಕುಡಿಸ್ತಾರೆ," ಅಂದಳು ಬರ್ಬೋರಾ. ಈ ಸಲ ನೆಲ ನೋಡಲಿಲ್ಲ. "ನಾನು ಇವರಿಗೆ ಧರ್ಮೋಪದೇಶ ಕಲಿಸ್ತಿದ್ದೀನಿ, ಯೂರ್ಗಿಸ್. ಪರಮಪ್ರಸಾದಕ್ಕೆ. ಬರ್ಕೊಳೋದಿದ್ರೆ ಬರ್ಕೊ."

ಯೂರ್ಗಿಸ್ ಕೋಟಿನ ಜೇಬುಗಳನ್ನು ಒಂದೊಂದಾಗಿ ತಡಕಿದ. ಮೇಲಿನ ಜೇಬಿನಿಂದ ಪೆನ್ಸಿಲ್ಲಿನ ತುದಿ ಎದ್ದು ಕಾಣುತ್ತಿತ್ತು.

"ಥೂ, ನಿನ್ನ. ಅಷ್ಟು ನೇರವಾಗಿ ಹೇಳ್ಬೇಕಿತ್ತಾ?" ಎಂದು ಗೊಣಗಿದ. "ಪೆನ್ಸಿಲ್ ತಂದಿಲ್ಲ. ನಾಳೆ ತರ್ತೀನೋ ಏನೋ, ನನಗೇ ಗೊತ್ತಿಲ್ಲ." ಅವನ ಹೆಜ್ಜೆ ಸದ್ದು ಕೆಸರಿನಲ್ಲಿ ದೂರವಾಯಿತು.

ಬರ್ಬೋರಾ ಹುಲ್ಲಿನ ಹೊರೆಯ ಮೇಲೆ ಕೂತು, "ಎಲ್ಲಿದ್ವಿ?" ಎಂದಳು.

ಗೆನುಟೆ ಬಿಟ್ಟಲ್ಲಿಂದ ಪಾಠ ಹೇಳತೊಡಗಿದಳು. ನಿನ್ನೆ ಹುಟ್ಟಿದ ಕಪ್ಪು ಕರುವಿಗೆ ಬಕೆಟ್ಟಿನಿಂದ ಕುಡಿಯುವುದು ಇನ್ನೂ ತಿಳಿದಿರಲಿಲ್ಲ. ಅವಳು ಎರಡು ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟಿದ್ದಳು. ಕರು ಎಳೆದೆಳೆದು ಚೀಪಿದಾಗಲೆಲ್ಲ ಮಾತು ತಡೆದು, ಮತ್ತೆ ಮುಂದುವರಿಯುತ್ತಿತ್ತು.